ಎರಡು ಸಲ ಹೈಸ್ಕೂಲು ಸೇರಿದೆ, ರಘು

ಪ್ರೀತಿಯ ರಘು,

ಹೈಸ್ಕೂಲು ಹೇಗಿದೆ ಮಾರಾಯ ಅಂತ ನೀನು ಕೇಳಿದಾಗ ಫೋನಿನಲ್ಲಿ 'ಚೆನ್ನಾಗಿದೆ' ಅಂದುಬಿಟ್ಟೆ. ಆಮೇಲೆ ರಾತ್ರಿಯೆಲ್ಲ ಅದೇ ಕೊರೆಯುತ್ತಿತ್ತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಇಲ್ಲಿ ಹೈಸ್ಕೂಲು ಶುರುವಾಗುವುದೇ ಒಂಬತ್ತನೇ ಕ್ಲಾಸಿಗೆ. ಹೋದ ವರ್ಷ ತೀರ್ಥಹಳ್ಳಿಯಲ್ಲಿ ಎಂಟನೇ ಕ್ಲಾಸಿಗೆ ನಿನ್ನ ಜೊತೆ ಒಂದು ಸಲ ಹೈಸ್ಕೂಲು ಸೇರಿದ್ದೆ. ಈಗ ಅಮೆರಿಕದ ಮೇರಿಲ್ಯಾಂಡಿನಲ್ಲಿ ಇನ್ನೊಂದು ಸಲ, ನೀನಿಲ್ಲದೆ. ಇಲ್ಲಿ ಮೇಷ್ಟ್ರು ನಮ್ಮ ಕ್ಲಾಸಿಗೆ ಬರುವುದಿಲ್ಲ, ಪ್ರತಿ ಪಿರಿಯಡ್ಡಿಗೂ ನಾವೇ ಅವರ ಕೋಣೆ ಹುಡುಕಿಕೊಂಡು ಓಡಬೇಕು. ಲಾಕರಿನ ಬೀಗಕ್ಕೆ ಕೀಲಿಕೈ ಇಲ್ಲ, ತಿರುಗಿಸುವ ಬಿಲ್ಲೆ. ಬಲಕ್ಕೆ ಒಂದು ಅಂಕಿ, ಎಡಕ್ಕೆ ಪೂರ್ತಿ ಒಂದು ಸುತ್ತು ದಾಟಿಸಿ ಎರಡನೆಯದು, ಮತ್ತೆ ಬಲಕ್ಕೆ ಮೂರನೆಯದು. ಸರಿಯಾದ ಅಂಕಿಗೆ ನಿಲ್ಲಿಸದಿದ್ದರೆ ತೆಗೆಯುವುದಿಲ್ಲ. ಮೊದಲ ವಾರ ಬೆವರಿದ ಬೆರಳಲ್ಲಿ ಅದನ್ನು ತಿರುಗಿಸುತ್ತಾ ನಿಂತಿದ್ದರೆ ಬೆನ್ನ ಹಿಂದೆ ಇಡೀ ಶಾಲೆ ಹರಿದು ಹೋಗುತ್ತಿತ್ತು. ಊಟದ ಹೊತ್ತಿಗೆ ಎಲ್ಲಿ ಕೂರುವುದು ಅನ್ನುವುದೇ ದಿನದ ದೊಡ್ಡ ಚಿಂತೆ.

ಇಂಗ್ಲಿಷ್ ಮೇಡಂ ಪಾಠಪುಸ್ತಕ ಪಕ್ಕಕ್ಕಿಟ್ಟು ನಮಗೊಂದು ಪಾಡ್‌ಕಾಸ್ಟ್ ಕೇಳಿಸಿದರು. 'ಸೀರಿಯಲ್' ಅಂತ, ಸಾರಾ ಕೋನಿಗ್ ಎಂಬ ಪತ್ರಕರ್ತೆ 2014ರಲ್ಲಿ ಮಾಡಿದ್ದು, 12 ಕಂತು. ಕೊಲೆಯ ಕಥೆ, ನಡೆದಿರುವುದು ನಿಜವಾಗಿ. 1999ರ ಜನವರಿ 13ರಂದು ಇದೇ ಮೇರಿಲ್ಯಾಂಡಿನ ಬಾಲ್ಟಿಮೋರ್ ಕೌಂಟಿಯ ವುಡ್‌ಲಾನ್ ಹೈಸ್ಕೂಲಿನಿಂದ ಹೊರಟ ಹೇ ಮಿನ್ ಲೀ ಎಂಬ 18ರ ಹುಡುಗಿ ಮನೆ ಸೇರಲಿಲ್ಲ. ಸುಮಾರು ನಾಲ್ಕು ವಾರದ ಮೇಲೆ ಲೀಕಿನ್ ಪಾರ್ಕಿನಲ್ಲಿ ಅವಳ ಶವ ಸಿಕ್ಕಿತು. ಅವಳನ್ನು ಹಿಂದೆ ಪ್ರೀತಿಸುತ್ತಿದ್ದ ಸಹಪಾಠಿ ಅದ್ನಾನ್ ಸೈಯದ್‌ಗೆ ಆಗ 17. ಅವನಿಗೆ ಜೀವಾವಧಿ, ಅದರ ಮೇಲೆ 30 ವರ್ಷ ಶಿಕ್ಷೆಯಾಯಿತು. ಮಾಡಿಲ್ಲ ಅಂತಲೇ ಅವನು ಹೇಳುತ್ತಾ ಬಂದ.

ಶಾಲೆ ಬಿಟ್ಟದ್ದು 2.15ಕ್ಕೆ. 2.36ರ ಒಂದು ಫೋನ್ ಕರೆಯ ಹೊತ್ತಿಗೆ ಕೊಲೆ ಮುಗಿದಿತ್ತು ಅನ್ನುವುದು ಸರ್ಕಾರಿ ವಕೀಲರ ವಾದ. ಅಂದರೆ 21 ನಿಮಿಷ. ಆ ಹೊತ್ತಿನಲ್ಲಿ ಎಲ್ಲಿದ್ದೆ ಅಂತ ಆರು ವಾರ ಕಳೆದ ಮೇಲೆ ಕೇಳಿದರೆ ಅವನಿಗೆ ಸರಿಯಾಗಿ ನೆನಪಿಲ್ಲ. ಇದು ಬಂದಾಗ ಮೇಡಂ ಆಡಿಯೋ ನಿಲ್ಲಿಸಿ, ಆರು ವಾರದ ಹಿಂದಿನ ಬುಧವಾರ ಮಧ್ಯಾಹ್ನ ನೀವೇನು ಮಾಡಿದಿರಿ ಬರೆಯಿರಿ ಅಂದರು. ನನಗೆ ಹೊಳೆದದ್ದು ಒಂದೇ ಸಾಲು, ಅವತ್ತು ಮಳೆ ಬಂದಿತ್ತು ಅಂತ. ಪಕ್ಕದ ಹುಡುಗಿ ಬಿಸಿಲಿತ್ತು ಅಂತ ಬರೆದಿದ್ದಳು. ಇಬ್ಬರಿಗೂ ಅನುಮಾನವೇ ಇರಲಿಲ್ಲ.

ಅವತ್ತಿನಿಂದ ಊಟದ ಹೊತ್ತಿಗೆ ಅದೇ ವಾದ. ಅವನೇ ಮಾಡಿದ್ದು ಅಂತ ನಾಲ್ವರು, ಇಲ್ಲ ಅಂತ ನಾವು ಮೂವರು. ಮೊಬೈಲ್ ಟವರಿನ ದಾಖಲೆ, ಅದ್ನಾನ್ ವಿರುದ್ಧ ಸಾಕ್ಷಿ ಹೇಳಿದ ಅವನ ಗೆಳೆಯನ ಬದಲಾದ ಮಾತು, ಎಲ್ಲವೂ ನನಗೆ ಬಾಯಿಪಾಠ. ನಾನು ಮಾತಾಡಿದರೆ ಅವರು ಕೇಳುತ್ತಿದ್ದರು. ನನಗೆ ಕೂರಲು ಜಾಗ ಸಿಕ್ಕಿದ್ದು ಹೀಗೆ, ರಘು.

ಒಂದು ದಿನ ಮನೆಯಲ್ಲಿ ಆ ಹುಡುಗಿಯ ಬಗ್ಗೆ ಓದಿದೆ. ಅವಳು ಹುಟ್ಟಿದ್ದು ದಕ್ಷಿಣ ಕೊರಿಯಾದಲ್ಲಿ. 1992ರಲ್ಲಿ, 12ನೇ ವಯಸ್ಸಿನ ಆಸುಪಾಸಿನಲ್ಲಿ, ಅಮ್ಮ ಮತ್ತು ತಮ್ಮನ ಜೊತೆ ಇಲ್ಲಿಗೆ ಬಂದವಳು. ಅವಳಿಗೂ ಬೇರೆ ಭಾಷೆ, ಬೇರೆ ಊಟ. ಲಾಕರಿನ ಬಿಲ್ಲೆ ತಿರುಗಿಸುವುದನ್ನು ಅವಳಿಗೆ ಯಾರು ಹೇಳಿಕೊಟ್ಟರೋ. ಹಾಕಿ ಆಡುತ್ತಿದ್ದಳು, ಕನ್ನಡಕದಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಅವತ್ತು ಮಧ್ಯಾಹ್ನ ಅವಳು ಪುಟ್ಟ ಕಸಿನ್ ಮಗುವನ್ನು ಶಾಲೆಯಿಂದ ಕರೆದುಕೊಂಡು ಬರಬೇಕಿತ್ತು. ಆ ಮಗು ಕಾಯುತ್ತಿತ್ತಲ್ಲ! 21 ನಿಮಿಷವನ್ನು ಅಷ್ಟು ಸಲ ಲೆಕ್ಕ ಹಾಕಿದವನಿಗೆ ಆ ಮಗು ಎಷ್ಟು ಹೊತ್ತು ಕಾದಿತು ಅಂತ ಒಮ್ಮೆಯೂ ಅನ್ನಿಸಿರಲಿಲ್ಲ.

2022ರ ಸೆಪ್ಟೆಂಬರಿನಲ್ಲಿ ಕೋರ್ಟು ಆ ತೀರ್ಪನ್ನು ರದ್ದು ಮಾಡಿ ಅದ್ನಾನ್‌ನನ್ನು ಬಿಟ್ಟಿತು. ಸೋಮವಾರದ ಆ ವಿಚಾರಣೆಯ ಸುದ್ದಿ ಅವಳ ತಮ್ಮನಿಗೆ ಗೊತ್ತಾದದ್ದು ಅದಕ್ಕೆ ಮುಂಚಿನ ಶುಕ್ರವಾರ. ದೂರದಲ್ಲಿದ್ದ ಅವನು ವಿಡಿಯೋದಲ್ಲೇ ಮಾತಾಡಿದ. ಇದು ನನಗೆ ಪಾಡ್‌ಕಾಸ್ಟ್ ಅಲ್ಲ, ನಿಜವಾದ ಬದುಕು ಅಂದನಂತೆ. ವಿಚಾರಣೆಗೆ ಬರಲು ಅವನಿಗೆ ಸರಿಯಾಗಿ ಸಮಯ ಕೊಡಲಿಲ್ಲ ಅಂತ ಮೇಲಿನ ಕೋರ್ಟುಗಳು ಆಮೇಲೆ ಅಪರಾಧದ ತೀರ್ಪನ್ನು ಮತ್ತೆ ಊರ್ಜಿತಗೊಳಿಸಿದವು. 2025ರ ಮಾರ್ಚಿನಲ್ಲಿ, ಅದ್ನಾನ್ ಅನುಭವಿಸಿದ ಶಿಕ್ಷೆಯೇ ಸಾಕು ಅಂತ ನ್ಯಾಯಾಧೀಶರು ಅವನನ್ನು ಹೊರಗೇ ಇರಲು ಬಿಟ್ಟರು. ತೀರ್ಪು ಮಾತ್ರ ಹಾಗೇ ಇದೆ.

ಕೊನೆಯ ಕಂತು ಮುಗಿದ ಮೇಲೆ, ಅದ್ನಾನ್ ಮಾಡಿದನೋ ಇಲ್ಲವೋ ಅಂತ ಮೇಡಂ ವೋಟು ಹಾಕಿಸಿದರು. ನಾನು ಚೀಟಿಯಲ್ಲಿ ಹೇ ಮಿನ್ ಲೀ ಅಂತ ಹೆಸರು ಬರೆದು ಕೊಟ್ಟೆ. ಮೇಡಂ ಓದಿ, ಏನೂ ಹೇಳದೆ ಬೇರೆಯಾಗಿ ತೆಗೆದಿಟ್ಟರು. ಊಟಕ್ಕೆ ಈಗಲೂ ಅದೇ ಮೇಜಿಗೇ ಹೋಗುತ್ತೇನೆ. ಅವರು ಒಳ್ಳೆಯವರು ಕಣೋ. ಅವರಿಗೂ ಆ ಮಗುವಿನ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ನೀನೊಂದು ಕೆಲಸ ಮಾಡು. ಎಂಟನೇ ಕ್ಲಾಸಿನ ಮೊದಲ ದಿನ ನಾವು ಹೇಗೆ ಹೋದೆವು ಅಂತ ಬರೆದು ಕಳಿಸು, ನಿಮ್ಮಮ್ಮನನ್ನು ಕೇಳದೆ. ನನಗಿರುವ ನೆನಪಿನಲ್ಲಿ ಜೋರು ಮಳೆ, ಇಬ್ಬರಿಗೂ ಒಂದೇ ಕೊಡೆ, ಅದರ ಒಂದು ಕಡ್ಡಿ ಮುರಿದಿತ್ತು, ಮತ್ತೆ ಕೊಡೆ ನಿನ್ನದು. ನಮ್ಮಮ್ಮ ಅದು ನಮ್ಮ ಮನೆಯದು ಅನ್ನುತ್ತಾಳೆ.

ನಿನ್ನ ಕಾಗದಕ್ಕೆ ಕಾಯುತ್ತಿರುತ್ತೇನೆ.

ನಿನ್ನ,
ಸುಹಾಸ