ಯಾವುದನ್ನು ನಗರದಲ್ಲಿ ಕೊಳ್ಳಬೇಕು, ಯಾವುದನ್ನು ಸಣ್ಣ ಊರಿನಲ್ಲಿ?

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಪ್ರವಾಸ ಪುಟಗಳಲ್ಲಿ ಬರುವ ಲೇಖನಗಳು ಹೋಗುವ ದಾರಿ, ತಂಗುವ ವ್ಯವಸ್ಥೆ, ನೋಡಬೇಕಾದ ತಾಣಗಳ ಬಗ್ಗೆ ಸಾಕಷ್ಟು ವಿವರ ಕೊಡುತ್ತವೆ. ಖರೀದಿಯ ವಿಷಯ ಬಂದಾಗ ಮಾತ್ರ ‘ಕರಕುಶಲ ವಸ್ತುಗಳ ಖರೀದಿಗೆ ಇಲ್ಲಿ ವಿಪುಲ ಅವಕಾಶವಿದೆ’ ಎಂಬ ಒಂದೇ ಸಾಲಿನಲ್ಲಿ ಕೈತೊಳೆದುಕೊಳ್ಳುತ್ತವೆ. ಆ ಅವಕಾಶ ಎಲ್ಲಿದೆ, ಯಾವ ವಾರ ಇದೆ, ಒಂದು ಸೀಮೆಯ ಯಾವ ಸರಕನ್ನು ಅಲ್ಲಿನ ದೊಡ್ಡ ನಗರದಲ್ಲೇ ಕೊಂಡರೆ ಒಳಿತು, ಯಾವುದಕ್ಕಾಗಿ ಸಣ್ಣ ಊರಿನವರೆಗೆ ಹೋಗಬೇಕು ಎಂಬುದನ್ನೂ ಲೇಖಕರು ತಿಳಿಸಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ಸಣ್ಣ ಊರೆಂದರೆ ಅಗ್ಗ, ಅಲ್ಲಿ ಸಿಕ್ಕಿದ್ದೆಲ್ಲ ಅಸಲಿ ಎಂಬ ನಂಬಿಕೆ ಪ್ರವಾಸಿಗರಲ್ಲಿ ಬಲವಾಗಿದೆ. ಇದು ಅರ್ಧ ಮಾತ್ರ ನಿಜ. ಹೆಸರಾಂತ ಸ್ಮಾರಕವೊಂದರ ಬುಡದಲ್ಲಿರುವ ಪುಟ್ಟ ಊರಿನ ಅಂಗಡಿಸಾಲಿನಲ್ಲಿ ತೂಗಾಡುವ ಕೀಲಿಗೊಂಚಲು, ಮಣಿಸರ, ಅಚ್ಚಿನ ಬಟ್ಟೆಗಳು ಹೆಚ್ಚಾಗಿ ನಗರದ ಸಗಟು ಪೇಟೆಯಿಂದಲೇ ಬಂದಿರುತ್ತವೆ; ಸಾಗಣೆಯ ಖರ್ಚೂ ಸೇರಿ ಅಲ್ಲಿಗಿಂತ ದುಬಾರಿಯಾಗಿರುವುದೂ ಉಂಟು. ಆದ್ದರಿಂದ ಊರು ಚಿಕ್ಕದೋ ದೊಡ್ಡದೋ ಎಂಬುದಕ್ಕಿಂತ, ಆ ವಸ್ತು ಆ ಊರಿನಲ್ಲಿ ತಯಾರಾಗುತ್ತದೆಯೇ ಎಂಬುದನ್ನು ಮೊದಲು ವಿಚಾರಿಸಬೇಕು. ಇದನ್ನು ತಿಳಿಯಲು ಅಂಗಡಿಯವರ ಮಾತನ್ನೇ ನೆಚ್ಚಬೇಕಾಗಿಲ್ಲ. ಮಗ್ಗಗಳು ನಡೆಯುವ ಊರಿನಲ್ಲಿ ನೂಲು, ಬಣ್ಣ, ಮಗ್ಗದ ಬಿಡಿಭಾಗಗಳನ್ನು ಮಾರುವ ಅಂಗಡಿಗಳಿರುತ್ತವೆ. ಕುಂಬಾರಿಕೆಯ ಊರಿನಲ್ಲಿ ಮಣ್ಣಿನ ರಾಶಿ, ಆವಿಗೆಯ ಹೊಗೆ, ಒಡೆದ ಮಡಕೆಗಳ ಗುಡ್ಡೆ ಕಣ್ಣಿಗೆ ಬೀಳುತ್ತವೆ. ಕಚ್ಚಾ ಮಾಲಿನ ಸುಳಿವೇ ಇಲ್ಲದೆ ಸಿದ್ಧ ವಸ್ತುಗಳ ಮಳಿಗೆಗಳಷ್ಟೇ ಸಾಲುಗಟ್ಟಿರುವ ಊರಿನಲ್ಲಿ ಎಚ್ಚರ ವಹಿಸುವುದು ಒಳ್ಳೆಯದು.

ಸಣ್ಣ ಊರಿನ ಖರೀದಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಸಂತೆಯ ದಿನ. ಗ್ವಾಟೆಮಾಲಾದ ಚಿಚಿಕಾಸ್ತೆನಾಂಗೊ ಊರಿನ ದೊಡ್ಡ ಸಂತೆ ಗುರುವಾರ ಮತ್ತು ಭಾನುವಾರ ನಡೆಯುತ್ತದೆ; ಈಕ್ವೆಡಾರ್‌ನ ಒಟವಾಲೊದಲ್ಲಿ ನೇಯ್ಗೆಯವರ ಸಂತೆ ರಂಗೇರುವುದು ಶನಿವಾರ. ಫ್ರಾನ್ಸಿನ ಸಣ್ಣ ಪಟ್ಟಣಗಳ ವಾರದ ಸಂತೆಗಳಂತೂ ಬಹುಪಾಲು ಬೆಳಗಿನ ಹೊತ್ತಿನವು. ತಿಂಡಿ ಮುಗಿಸಿ, ಕೋಟೆ ನೋಡಿಕೊಂಡು, ಮಧ್ಯಾಹ್ನ ಸಂತೆಗೆ ಹೋದರಾಯಿತು ಎಂದುಕೊಂಡವರಿಗೆ ಕಾಣಸಿಗುವುದು ಖಾಲಿ ಬುಟ್ಟಿಗಳು ಮಾತ್ರ. ನಗರಕ್ಕೂ ಇಂಥ ನಿಯಮಗಳಿವೆ: ಇಸ್ತಾಂಬುಲ್‌ನ ಪ್ರಸಿದ್ಧ ಗ್ರ್ಯಾಂಡ್ ಬಜಾರ್ ಭಾನುವಾರ ಮುಚ್ಚಿರುತ್ತದೆ. ಹೀಗಿರುವಾಗ ಒಂದು ಸೀಮೆಯಲ್ಲಿ ಮೊದಲು ಯಾವ ಊರು, ಆಮೇಲೆ ಯಾವುದು ಎಂದು ನಿರ್ಧರಿಸುವಾಗ ಸಂತೆಯ ವಾರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಲ್ಲವೇ? ದೇವಾಲಯವೋ ಕೋಟೆಯೋ ಮರುದಿನವೂ ಅಲ್ಲೇ ಇರುತ್ತದೆ, ಸಂತೆ ಇರುವುದಿಲ್ಲ. ಆಯ್ಕೆ ಬೇಕಾದವರು ಗಂಟು ಬಿಚ್ಚುವ ಹೊತ್ತಿಗೇ ಹೋಗಬೇಕು. ಸಂತೆ ಎತ್ತುವ ಹೊತ್ತಿನಲ್ಲಿ ಚೌಕಾಸಿ ಸಲೀಸು, ಒಳ್ಳೆಯ ಮಾಲು ಉಳಿದಿರುವುದು ಅನುಮಾನ. ಸೀಮೆಯ ಜೇನು, ಸಾಂಬಾರ ಪದಾರ್ಥ, ಒಣಹಣ್ಣು, ಗಿಣ್ಣು ಮುಂತಾದ ತಿನ್ನುವ ವಸ್ತುಗಳನ್ನು ಊರಿನ ಜನ ತಮ್ಮ ಮನೆಗೆ ಕೊಳ್ಳುವ ಸಾಲಿನಲ್ಲೇ ಕೊಳ್ಳುವುದು ಲೇಸು.

ಹಾಗೆಂದು ನಗರವನ್ನು ಕಡೆಗಣಿಸುವಂತಿಲ್ಲ. ನಗರದ ವಸ್ತುಸಂಗ್ರಹಾಲಯವನ್ನೂ ಕರಕುಶಲ ನಿಗಮಗಳು ನಡೆಸುವ ನಿಗದಿತ ಬೆಲೆಯ ಮಳಿಗೆಯನ್ನೂ ಪ್ರವಾಸದ ಆರಂಭದಲ್ಲೇ ನೋಡಿಕೊಂಡರೆ ಒಳ್ಳೆಯ ಕೆಲಸ ಹೇಗಿರುತ್ತದೆ, ಅದರ ಸುಮಾರು ಬೆಲೆ ಎಷ್ಟು ಎಂಬ ಅಂದಾಜು ಸಿಗುತ್ತದೆ. ಆ ಅಂದಾಜಿಲ್ಲದೆ ನೇರವಾಗಿ ಹಳ್ಳಿಯ ಕುಶಲಕರ್ಮಿಯ ಮನೆ ಬಾಗಿಲಿಗೆ ಹೋದವರು ಒಂದೋ ಮೋಸಹೋಗುತ್ತಾರೆ, ಇಲ್ಲವೇ ತಿಂಗಳುಗಟ್ಟಲೆ ದುಡಿದ ಕೆಲಸಕ್ಕೆ ಚಿಲ್ಲರೆ ಬೆಲೆ ಕೇಳಿ ಆತನ ಮನಸ್ಸು ನೋಯಿಸುತ್ತಾರೆ. ಎರಡನೆಯದು ಹೆಚ್ಚು ಅಸಹ್ಯ.

ಅಧಿಕೃತ ಮುದ್ರೆಯಿರುವ ಸರಕಿನ ವಿಷಯದಲ್ಲಿ ನಗರ, ಹಳ್ಳಿ ಎಂಬ ಭೇದ ಅಷ್ಟಾಗಿ ಉಳಿಯುವುದಿಲ್ಲ. ಸ್ಕಾಟ್ಲೆಂಡಿನ ಹ್ಯಾರಿಸ್ ಟ್ವೀಡ್ ಉಣ್ಣೆಬಟ್ಟೆಯನ್ನು ಔಟರ್ ಹೆಬ್ರಿಡೀಸ್ ದ್ವೀಪಗಳ ನಿವಾಸಿಗಳು ತಮ್ಮ ಮನೆಗಳಲ್ಲೇ ಕೈಮಗ್ಗದಲ್ಲಿ ನೇಯಬೇಕು, ಉಣ್ಣೆಗೆ ಬಣ್ಣ ಹಾಕುವುದೂ ನೂಲುವುದೂ ಆ ದ್ವೀಪಗಳಲ್ಲೇ ಆಗಬೇಕು ಎಂದು 1993ರಲ್ಲಿ ಕಾಯ್ದೆಯನ್ನೇ ಮಾಡಲಾಗಿದೆ. ಗೋಲ ಮತ್ತು ಶಿಲುಬೆಯ ಮುದ್ರೆಯಿದ್ದರೆ ಅದನ್ನು ಎಡಿನ್‌ಬರೋದಲ್ಲಿ ಕೊಂಡರೂ ನಡೆದೀತು. ವೆನಿಸ್ ನಗರ ಬೆಂಕಿಯ ಭಯದಿಂದ ಗಾಜಿನ ಕುಲುಮೆಗಳನ್ನು 1291ರಲ್ಲಿ ಮುರಾನೊ ದ್ವೀಪಕ್ಕೆ ಕಳುಹಿಸಿತು. ಇಂದು ಅದೇ ವೆನಿಸ್ಸಿನ ಓಣಿಗಳಲ್ಲಿ ಹೊರದೇಶದಿಂದ ತಂದ ಅಗ್ಗದ ಗಾಜು ಮುರಾನೊ ಹೆಸರಿನಲ್ಲಿ ಬಿಕರಿಯಾಗುತ್ತಿದೆ. ಅಲ್ಲಿನ ಪ್ರಾಂತೀಯ ಆಡಳಿತ ‘ವೆತ್ರೊ ಆರ್ಟಿಸ್ಟಿಕೊ ಮುರಾನೊ’ ಎಂಬ ಗುರುತನ್ನು ತಂದದ್ದು ಈ ಕಾರಣಕ್ಕೇ.

ಮುದ್ರೆಯಿಲ್ಲದ ಕಡೆ ಕೈ ಮತ್ತು ಕಣ್ಣನ್ನೇ ನಂಬಬೇಕು. ಉದಾಹರಣೆಗೆ ರತ್ನಗಂಬಳಿಯನ್ನು ಕೊಳ್ಳುವವರು ಅದನ್ನು ಮಗುಚಿ ನೋಡಲಿ. ಕೈಯಲ್ಲಿ ಗಂಟು ಹಾಕಿದ್ದಾದರೆ ಮೇಲಿನ ಚಿತ್ತಾರ ಹಿಂಬದಿಯಲ್ಲೂ ಅಷ್ಟೇ ಸ್ಪಷ್ಟವಾಗಿ, ಒಂದೊಂದು ಗಂಟೂ ಕಾಣುವಂತೆ ಇರುತ್ತದೆ. ತುದಿಯ ಕುಚ್ಚು ಹಾಸಿನ ದಾರದ್ದೇ ಮುಂದುವರಿಕೆಯಾಗಿರುತ್ತದೆ. ಹಿಂಬದಿಗೆ ದಪ್ಪ ಬಟ್ಟೆಯನ್ನು ಅಂಟಿನಿಂದ ಮೆತ್ತಿ, ಕುಚ್ಚನ್ನು ಬೇರೆಯಾಗಿ ಹೊಲಿದಿದ್ದರೆ ಅದು ಗಂಟಿನ ಕೆಲಸವಲ್ಲ. ಮಾರುವವನು ಎಷ್ಟು ಪುರಾತನ ಕಥೆ ಹೇಳಿದರೂ ಗಂಟಿನ ಬೆಲೆ ಕೊಡಬೇಕಾಗಿಲ್ಲ.

ಉಚಿತ ವಾಹನದಲ್ಲಿ ‘ತಯಾರಿಕಾ ಕೇಂದ್ರ’ಕ್ಕೆ ಕರೆದೊಯ್ಯುವವರ ಬಗ್ಗೆಯೂ ಲೇಖನಗಳು ಒಂದು ಮಾತು ಹೇಳಬೇಕು. ಅಂಥ ಕಡೆ ಒಬ್ಬಿಬ್ಬರು ಕುಶಲಕರ್ಮಿಗಳನ್ನು ಮುಂಭಾಗದಲ್ಲಿ ಕೂರಿಸಿರುತ್ತಾರೆ, ಹಿಂದೆ ವಿಶಾಲ ಮಳಿಗೆ ಇರುತ್ತದೆ, ಚಾಲಕನಿಗೂ ಮಾರ್ಗದರ್ಶಿಗೂ ಸಲ್ಲುವ ಕಮಿಷನ್ ನಮ್ಮ ಬಿಲ್ಲಿನಲ್ಲೇ ಸೇರಿರುತ್ತದೆ. ನೇಕಾರರ ಅಥವಾ ಕುಶಲಕರ್ಮಿಗಳ ಸಹಕಾರ ಸಂಘದ ಸ್ವಂತ ಮಳಿಗೆ ಅದೇ ಊರಿನಲ್ಲಿದ್ದರೆ, ಊರಿನವರನ್ನೇ ದಾರಿ ಕೇಳಿಕೊಂಡು ನಡೆದು ಹೋಗುವುದು ಮೇಲು.

ಕಾನೂನಿನ ವಿಷಯ ನಮ್ಮ ಲೇಖಕರು ಬಹುತೇಕ ಮುಟ್ಟುವುದೇ ಇಲ್ಲ. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದ 1975ರಿಂದ ಜಾರಿಯಲ್ಲಿದೆ. ಆನೆದಂತ, ಕಡಲಾಮೆಯ ಚಿಪ್ಪು, ಹಲವು ಬಗೆಯ ಹವಳ ಬಹಿರಂಗವಾಗಿ ಅಂಗಡಿಯಲ್ಲಿ ಮಾರಾಟಕ್ಕಿದ್ದ ಮಾತ್ರಕ್ಕೆ ಗಡಿ ದಾಟಿಸಬಹುದೆಂದು ಅರ್ಥವಲ್ಲ. ಹಳೆಯ ನಾಣ್ಯ, ವಿಗ್ರಹ, ಹಸ್ತಪ್ರತಿಗಳಿಗೂ ಅನೇಕ ದೇಶಗಳಲ್ಲಿ ರಫ್ತಿನ ಪರವಾನಗಿ ಬೇಕು, ಸಂತೆಯಲ್ಲಿ ಕೊಂಡದ್ದೆಂಬ ಸಮಜಾಯಿಷಿ ಸುಂಕದ ಅಧಿಕಾರಿಗಳ ಮುಂದೆ ನಿಲ್ಲುವುದಿಲ್ಲ. ಬೆಲೆಬಾಳುವ ವಸ್ತುಗಳ ಮಟ್ಟಿಗೆ ನಗರದ ಮಳಿಗೆಯೇ ಸೂಕ್ತ ಎನ್ನಲು ಇನ್ನೊಂದು ಕಾರಣವಿದೆ: ಐರೋಪ್ಯ ಒಕ್ಕೂಟದ ದೇಶಗಳಲ್ಲಿ ಹೊರಗಿನ ಪ್ರವಾಸಿಗರಿಗೆ ಮೌಲ್ಯವರ್ಧಿತ ತೆರಿಗೆ ಮರಳಿ ಸಿಗುವ ವ್ಯವಸ್ಥೆ ಇದ್ದರೂ, ಅದರ ಕಾಗದಪತ್ರ ಒದಗಿಸದ ಅಂಗಡಿಗಳೂ ಇವೆ. ಕೊಂಡ ತಿಂಗಳ ನಂತರದ ಮೂರನೆಯ ತಿಂಗಳು ಮುಗಿಯುವುದರೊಳಗೆ ಸರಕು ಒಕ್ಕೂಟದ ಗಡಿ ದಾಟಬೇಕು, ಹೊರಡುವಾಗ ಸುಂಕದ ಕಚೇರಿಯಲ್ಲಿ ಅದು ದೃಢೀಕೃತವಾಗಬೇಕು.

ಇಷ್ಟೆಲ್ಲವನ್ನೂ ಪ್ರತಿ ಲೇಖನದಲ್ಲಿ ತುರುಕುವುದು ಸಾಧ್ಯವಿಲ್ಲವೆಂಬುದು ನನಗೂ ಗೊತ್ತು. ಲೇಖನದ ಪಕ್ಕದ ಚೌಕಟ್ಟಿನಲ್ಲಿ ಆ ಸೀಮೆಯ ಸಂತೆಯ ವಾರಗಳು, ಅಂಗಡಿಗಳ ರಜಾದಿನ, ಯಾವ ವಸ್ತು ಯಾವ ಊರಿನಲ್ಲಿ ತಯಾರಾಗುತ್ತದೆ, ನೋಡಬೇಕಾದ ಮುದ್ರೆ ಯಾವುದು ಎಂಬ ವಿವರ ಕೊಟ್ಟರೆ ಸಾಕು. ಬೆಲೆಗಳನ್ನು ಮುದ್ರಿಸುವುದು ಬೇಡ. ಓದುಗರು ಪ್ರವಾಸ ಹೊರಡುವ ಹೊತ್ತಿಗೆ ಅವು ಬದಲಾಗಿರುತ್ತವೆ.

ಇತಿ ವಂದನೆಗಳೊಂದಿಗೆ,
ಪ್ರವಾಸಾಸಕ್ತ ಓದುಗ