ಗುಂಡಿ ಮುಚ್ಚಿಸಿ, ದಾರಿ ಉಳಿಸಿಕೊಡಿ: ತುಮಕೂರು ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ ಈ ಪತ್ರ ಬರೆಯುತ್ತಿದ್ದೇನೆ. ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ನಮ್ಮ ಜಿಲ್ಲೆಯ ಒಂದು ಬಂಡಿದಾರಿಯನ್ನು ಮಣ್ಣು ಹೊಡೆಯುವವರು ಅರ್ಧಕ್ಕೆ ಅಗೆದುಬಿಟ್ಟಿದ್ದಾರೆ. ಆ ಗುಂಡಿ ಮುಚ್ಚಿಸಿ. ಸರ್ವೆಯರ್ ಕಳಿಸಿ ದಾರಿ ಅಳತೆ ಮಾಡಿಸಿ, ಎರಡೂ ಬದಿಗೆ ಕಲ್ಲು ನೆಡಿಸಿ. ಇಷ್ಟೇ ನನ್ನ ಬೇಡಿಕೆ.

ಊರಿನ ಹೆಸರಾಗಲಿ ತಾಲ್ಲೂಕಿನ ಹೆಸರಾಗಲಿ ಇಲ್ಲಿ ಹಾಕಿಲ್ಲ. ಆ ಗುಂಡಿಯ ಅಂಚಲ್ಲಿ ನನ್ನ ಜೀಪ್ ಕುಸಿದ ದಿನ ನನಗೆ ನೆರವಾದವರು ಅದೇ ಊರಲ್ಲಿ ಬಾಳಬೇಕು. ಮಣ್ಣಿನ ಲಾರಿಯವರು ಅವರ ಮನೆ ಬಾಗಿಲಿಗೆ ಹೋಗಿ ಗಲಾಟೆ ಮಾಡುವುದು ನನಗೆ ಬೇಡ. ಸರ್ವೆ ನಂಬರು, ಗ್ರಾಮ ನಕ್ಷೆಯ ನಕಲು, ಫೋಟೋ ಎಲ್ಲ ಲಗತ್ತಿಸಿರುವ ಅರ್ಜಿ ಸಂಬಂಧಪಟ್ಟ ಕಚೇರಿಯಲ್ಲಿ ಬಿದ್ದಿದೆ. ಇನ್ನೊಂದು ಪ್ರತಿಯನ್ನು ಈ ಪತ್ರದ ಜೊತೆ ನಿಮಗೂ ಅಂಚೆಯಲ್ಲಿ ಕಳಿಸಿದ್ದೇನೆ.

ನಾನು ತುಮಕೂರಿನವಳು. ಪಾಠ ಹೇಳುವುದು ನನ್ನ ಕೆಲಸ. ರಜೆ ಸಿಕ್ಕರೆ ಅಪ್ಪ ಬಿಟ್ಟುಹೋದ ಹಳೇ ಜೀಪ್ ತೆಗೆದುಕೊಂಡು ಒಬ್ಬಳೇ ಹೊರಡುತ್ತೇನೆ. ಡಾಂಬರು ರಸ್ತೆ ಬಿಟ್ಟು ಕೆರೆ ಏರಿ, ಬಂಡಿದಾರಿ, ಬೆಟ್ಟದ ಬುಡದ ಕಲ್ಲುಹಾದಿ ಹಿಡಿದು ಹೋಗುವುದೆಂದರೆ ನನಗೆ ಪ್ರಾಣ. ಚನ್ನರಾಯನದುರ್ಗ, ಸಿದ್ಧರಬೆಟ್ಟ, ಮಧುಗಿರಿ ಬೆಟ್ಟ, ಇವುಗಳ ಸುತ್ತಲಿನ ಒಳದಾರಿಗಳನ್ನು ನಾನು ನೋಡಿಕೊಂಡೇ ಬಂದಿದ್ದೇನೆ. ಯಾರ ಹೊಲಕ್ಕೂ ಗಾಲಿ ಇಳಿಸಲ್ಲ. ಅರಣ್ಯದ ಗಡಿ ದಾಟಲ್ಲ. ಗ್ರಾಮ ನಕ್ಷೆಯಲ್ಲಿ ದಾರಿ ಇದ್ದರೆ ಮಾತ್ರ ಆ ಕಡೆ ಜೀಪ್ ತಿರುಗಿಸುತ್ತೇನೆ.

ಅವತ್ತು ಮೈದನಹಳ್ಳಿ ಹತ್ತಿರದ ಜಯಮಂಗಲಿ ಮೀಸಲು ಪ್ರದೇಶದಲ್ಲಿ ಕೃಷ್ಣಮೃಗ ನೋಡಿಕೊಂಡು ಒಳದಾರಿಗಳಲ್ಲೇ ವಾಪಸ್ ಬರುತ್ತಿದ್ದೆ. ಈ ದಾರಿ ಮೊದಲಿಂದ ಗೊತ್ತಿದ್ದದ್ದೇ. ಒಂದು ಕಡೆ ರಾಗಿ ಹೊಲ, ಇನ್ನೊಂದು ಕಡೆ ಗೋಮಾಳ. ಗೋಮಾಳದ ಕಡೆ ಜೆಸಿಬಿ ಬಿಟ್ಟು ಮಣ್ಣು ತೆಗೆದಿದ್ದಾರೆ. ತೆಗೆಯುತ್ತಾ ತೆಗೆಯುತ್ತಾ ದಾರಿಯ ಬುಡಕ್ಕೇ ಬಂದಿದ್ದಾರೆ. ಕಚ್ಚಿ ಬಿಟ್ಟ ರೊಟ್ಟಿಯ ಅಂಚಿನ ಹಾಗೆ ಆಗಿದೆ ಆ ದಾರಿ. ಮೇಲೆ ನೋಡಿದರೆ ನೆಲ ಗಟ್ಟಿ ಇದ್ದಂತೆಯೇ ಕಾಣುತ್ತದೆ. ತಂಗಡಿ ಗಿಡ ಬೆಳೆದು ಅಂಚು ಮುಚ್ಚಿಹೋಗಿದೆ. ಕೆಳಗೆ ಮಾತ್ರ ಟೊಳ್ಳು. ಒಂದು ಬೇಲಿ ಇಲ್ಲ, ಒಂದು ಮುಳ್ಳು ಕೊಂಬೆ ಸಹ ಅಡ್ಡ ಇಟ್ಟಿಲ್ಲ.

ಎಡಗಡೆ ಮುಂದಿನ ಗಾಲಿ ದಡ್ ಅಂತ ಕುಸಿಯಿತು. ಜೀಪ್ ವಾಲಿತು. ಪೂರ್ತಿ ಉರುಳಲಿಲ್ಲ ಅನ್ನುವುದೇ ಪುಣ್ಯ. ಫೋರ್ ವೀಲ್ ಹಾಕಿ, ಲೋ ಗೇರಿನಲ್ಲಿ ನಿಧಾನವಾಗಿ ಹಿಂದಕ್ಕೆ ತೆಗೆದೆ. ಮೇಲೆ ಬಂತು. ಆದರೆ ಸ್ಟೇರಿಂಗ್ ಒಂದೇ ಸಮ ಎಡಕ್ಕೆ ಎಳೆಯುತ್ತಿತ್ತು, ಟೈರು ಮಡ್‌ಗಾರ್ಡಿಗೆ ಉಜ್ಜುತ್ತಿತ್ತು. ಇಳಿದು ನೋಡಿದರೆ ಎಡಗಡೆ ಗಾಲಿ ನಾಲ್ಕು ಬೆರಳಿನಷ್ಟು ಹಿಂದಕ್ಕೆ ಸರಿದಿದೆ.

ಜೀಪಿನ ಕೆಳಗೆ ಮಲಗಿ ಟಾರ್ಚ್ ಹಾಕಿದೆ. ಕಮಾನು ಪ್ಲೇಟುಗಳ ಸೆಂಟರ್ ಬೋಲ್ಟ್ ಕತ್ತರಿಸಿಹೋಗಿತ್ತು. ಪ್ಲೇಟುಗಳನ್ನೆಲ್ಲ ಜೋಡಿಸಿ ಹಿಡಿಯುವ ಬೋಲ್ಟ್ ಅದು. ಅದರ ತಲೆ ಆಕ್ಸಲ್ (ಎರಡೂ ಗಾಲಿ ಹಿಡಿಯುವ ಅಡ್ಡ ದಂಡ) ಮೇಲಿನ ತೂತಿನಲ್ಲಿ ಕೂತಿದ್ದರೆ ಮಾತ್ರ ಗಾಲಿ ತನ್ನ ಜಾಗದಲ್ಲಿ ನಿಲ್ಲುತ್ತದೆ. ಆ ಪ್ಲೇಟುಗಳನ್ನು ಆಕ್ಸಲಿಗೆ ಬಿಗಿದು ಹಿಡಿಯುವ ಯು ಬೋಲ್ಟುಗಳೂ ಸಡಿಲವಾಗಿದ್ದವು. ಹಾಗೇ ಓಡಿಸಿಕೊಂಡು ಹೋದರೆ ಆಕ್ಸಲ್ ಇನ್ನೂ ಜಾರುತ್ತದೆ, ಸ್ಟೇರಿಂಗ್ ಕೈಗೆ ಸಿಗಲ್ಲ. ಏನು ಮಾಡಬೇಕು ಅಂತ ನನಗೆ ಗೊತ್ತು. ಚಾಸಿ ಕೆಳಗೆ ಜಾಕ್ ಕೊಟ್ಟು ಭಾರ ಎತ್ತಬೇಕು, ಯು ಬೋಲ್ಟ್ ಬಿಚ್ಚಬೇಕು, ಆಕ್ಸಲನ್ನು ಮುಂದಕ್ಕೆ ತಳ್ಳಿ ಹೊಸ ಬೋಲ್ಟ್ ಹಾಕಿ ಬಿಗಿಯಬೇಕು. ಆದರೆ ಜಾಕ್ ಕೊಟ್ಟರೆ ಸಡಿಲ ಮಣ್ಣಿನಲ್ಲಿ ಅದೇ ಇಳಿಯುತ್ತಿತ್ತು. ಚಪ್ಪಡಿ ಕಲ್ಲು ಹುಡುಕಿ ತಂದು ಕೆಳಗಿಟ್ಟೆ. ಜೀಪ್ ಎದ್ದಿತು. ಆಕ್ಸಲ್ ಮಾತ್ರ ಅಲ್ಲಾಡಲಿಲ್ಲ. ಅದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ.

ಫೋನಿಗೆ ಸಿಗ್ನಲ್ ಇರಲಿಲ್ಲ. ದೂರದ ಬಂಡೆ ಹತ್ತಿದ ಮೇಲೆ ಒಂದು ಕಡ್ಡಿ ಬಂತು. ಇನ್ಶೂರೆನ್ಸಿನ ಜೊತೆ ದುಡ್ಡು ಕಟ್ಟಿದ್ದ ರಸ್ತೆಬದಿ ಸಹಾಯಕ್ಕೆ ಫೋನ್ ಮಾಡಿದೆ. "ಟಾರ್ ರಸ್ತೆ ಬಿಟ್ಟು ಒಳಗೆ ಕ್ರೇನ್ ಬರಲ್ಲ ಮೇಡಂ" ಅಂದರು. ಬಿಸಿಲು ಇಳಿಯುತ್ತಿತ್ತು. ಆ ಬೆಟ್ಟಗಳಲ್ಲಿ ಚಿರತೆ, ಕರಡಿ ಎರಡೂ ಇವೆ ಎಂದು ನಿಮ್ಮ ಜಿಲ್ಲೆಯ ಯಾರನ್ನು ಕೇಳಿದರೂ ಹೇಳುತ್ತಾರೆ. ನನಗೆ ಭಯವಾಯಿತು.

ಆಗ ಬಂದದ್ದು ಒಬ್ಬ ಅಜ್ಜ ಮತ್ತು ಅವರ ಮೊಮ್ಮಗ, ಟ್ರ್ಯಾಕ್ಟರಿನಲ್ಲಿ. ಏನೂ ಕೇಳಲಿಲ್ಲ. "ಕತ್ಲಾಗೋದ್ರೊಳ್ಗೆ ಹೊಂಟೋಗು ತಾಯಿ, ಕರಡಿ ಬತ್ತವೆ" ಅಂತ ಹೇಳಿ ಹಾರೆ ಇಳಿಸಿದರು. ಮೊಮ್ಮಗ ಟ್ರ್ಯಾಕ್ಟರಿನ ಡಬ್ಬಿ ತಡಕಾಡಿ ಅದೇ ದಪ್ಪದ ಒಂದು ಬೋಲ್ಟ್ ತೆಗೆದ. ಅಜ್ಜ ಹಾರೆ ಕೊಟ್ಟು ಮೀಟಿದರು, ಹುಡುಗ ಗಾಲಿ ತಳ್ಳಿದ, ನಾನು ಕೆಳಗೆ ಮಲಗಿ ತೂತಿಗೆ ಬೋಲ್ಟಿನ ತಲೆ ಕೂರಿಸಿದೆ. ಶಿರಾ ಗೇಟ್ ಹತ್ತಿರದ ಗ್ಯಾರೇಜಿಗೆ ಬಂದು ತಲುಪಿದ್ದು ಆ ಬೋಲ್ಟಿನಿಂದಲೇ. ಕೊಟ್ಟ ದುಡ್ಡು ಅವರು ಮುಟ್ಟಲಿಲ್ಲ.

ಯು ಬೋಲ್ಟ್ ಬಿಗಿಯುವಾಗ ಅಜ್ಜ ಹೇಳಿದ ಮಾತಿಗೇ ನಾನು ಇಷ್ಟು ಹಟ ಹಿಡಿದಿರುವುದು. ಹೋದ ಮಳೆಗಾಲದಲ್ಲಿ ಆ ಗುಂಡಿ ತುಂಬಿಕೊಂಡಿತ್ತಂತೆ. ಅವರ ಹಾಲು ಕರೆಯುವ ಹಸು ಅಂಚು ಕುಸಿದು ಒಳಗೆ ಬಿತ್ತಂತೆ. ಹಗ್ಗ ತರುವಷ್ಟರಲ್ಲಿ ಮುಗಿದಿತ್ತು. ಡೇರಿಗೆ ಹಾಲು ಹಾಕಿ ಜೀವನ ಮಾಡುವ ಮನೆಗೆ ಹಸು ಅಂದರೆ ಏನು ಅಂತ ನಿಮಗೆ ಗೊತ್ತಿಲ್ವಾ? ಹೇಳಿಕೊಂಡು ಹೋದರೆ "ನಿಮ್ಮ ಹಸು ಯಾಕೆ ಆ ಕಡೆ ಬಿಟ್ರಿ" ಅಂತ ಅವರನ್ನೇ ಗದರಿಸಿ ಕಳಿಸಿದರಂತೆ. ಅದೇ ದಾರಿಯಲ್ಲಿ ಮಕ್ಕಳು ಸ್ಕೂಲಿಗೆ ಹೋಗುತ್ತಾರೆ. ಮೊದಲು ಬಿದ್ದದ್ದು ಹಸು, ಆಮೇಲೆ ನನ್ನ ಜೀಪು. ಮುಂದೆ ಮಗು ಬಿದ್ದ ಮೇಲೆ ಎಲ್ಲರೂ ಓಡಿ ಬರುತ್ತೀರಾ?

ನನಗೂ ಆದದ್ದು ಅದೇ. ದೂರು ಕೊಡಲು ಹೋದ ಕಚೇರಿಯಲ್ಲಿ ನನ್ನ ಅರ್ಜಿ ಓದುವ ಮೊದಲೇ ಬಂದ ಪ್ರಶ್ನೆ: "ಒಬ್ಬರೇ ಅಲ್ಲಿಗೆ ಯಾಕೆ ಹೋದ್ರಿ ಮೇಡಂ? ಮನೇಲಿ ಗಂಡಸರು ಯಾರೂ ಇರಲಿಲ್ವಾ?" ಪಕ್ಕದ ಮೇಜಿನವರು ನಕ್ಕರು. ಇನ್ನೊಬ್ಬರು "ಜೀಪ್ ಶೋಕಿಗೆ ಸರ್ಕಾರ ಏನು ಮಾಡುತ್ತೆ" ಅಂದರು. ಗುಂಡಿ ತೋಡಿದವರು ಯಾರು ಅಂತ ಅಲ್ಲಿ ಒಬ್ಬರೂ ಕೇಳಲಿಲ್ಲ. ನಾನು ಗಂಡಸರ ಜೊತೆ ಹೋಗಿದ್ದರೆ ದಾರಿ ಕುಸಿಯುತ್ತಿರಲಿಲ್ಲವಾ? ಅವತ್ತು ನಾಚಿಕೆ, ಸಿಟ್ಟು ಎರಡೂ ನುಂಗಿಕೊಂಡು ಬಂದೆ. ಇನ್ನು ನುಂಗಲ್ಲ.

ಆಮೇಲೆ ಶುರುವಾಯಿತು ಅಲೆದಾಟ. ಕಂದಾಯದವರು ಗಣಿ ಇಲಾಖೆಗೆ ಹೋಗಿ ಅಂದರು. ಗಣಿಯವರು ಜಾಗ ಕಂದಾಯದ್ದು ಅಂದರು. ಪಂಚಾಯ್ತಿಯವರು ಇದು ನಮ್ಮ ರಸ್ತೆ ಪಟ್ಟಿಯಲ್ಲೇ ಇಲ್ಲ ಅಂದರು. ಒಬ್ಬರಂತೂ "ಅದು ದಾರೀನೇ ಅಲ್ಲ" ಅಂತ ಮುಖಕ್ಕೆ ಹೊಡೆದಂತೆ ಹೇಳಿದರು. ಗ್ರಾಮ ನಕ್ಷೆ ಬಿಚ್ಚಿ ಅವರ ಮುಂದೆ ಹರಡಿದೆ. ಜೋಡಿ ಚುಕ್ಕೆ ಗೆರೆ ಕಾಣುತ್ತಿದೆ, ಅಂದರೆ ಬಂಡಿದಾರಿ. ಒಂಟಿ ಗೆರೆ ಇದ್ದರೆ ಕಾಲುದಾರಿ. ಇದನ್ನು ಕಂದಾಯ ಇಲಾಖೆಯವರಿಗೆ ನಾನು ಹೇಳಿಕೊಡಬೇಕಾ?

ಕಾನೂನು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 1964ರ ಭೂಕಂದಾಯ ಕಾಯ್ದೆಯ 67ನೇ ಕಲಮಿನ ಪ್ರಕಾರ ಸಾರ್ವಜನಿಕ ದಾರಿ ಸರ್ಕಾರದ ಆಸ್ತಿ. ಅದರ ಮೇಲಿನ ಜನರ ಹಕ್ಕು ರದ್ದು ಮಾಡಬೇಕಾದರೆ 68ನೇ ಕಲಮಿನಲ್ಲಿ ನೀವೇ ಆದೇಶ ಹೊರಡಿಸಬೇಕು. ಅಂಥ ಆದೇಶ ಯಾರೂ ನನಗೆ ತೋರಿಸಿಲ್ಲ. ರಸ್ತೆಗೆ, ಕಟ್ಟಡಕ್ಕೆ ತುಂಬುವ ಮಣ್ಣನ್ನು ಕೇಂದ್ರ ಸರ್ಕಾರ 2000ದ ಫೆಬ್ರುವರಿ 3ರಂದೇ ಉಪಖನಿಜ ಎಂದು ಘೋಷಿಸಿದೆ. ಅದನ್ನು ಕದ್ದು ಅಗೆದರೆ 1957ರ ಗಣಿ ಮತ್ತು ಖನಿಜ ಕಾಯ್ದೆಯ 21ನೇ ಕಲಮಿನಲ್ಲಿ 5 ವರ್ಷದವರೆಗೂ ಜೈಲಿದೆ. ಎಲ್ಲಕ್ಕಿಂತ ಮುಖ್ಯ, ನೀವು ಜಿಲ್ಲಾ ದಂಡಾಧಿಕಾರಿಗಳೂ ಹೌದು. ಮೊದಲು ಸಿಆರ್‌ಪಿಸಿ, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮು ಇತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮು ಬಂದಿದೆ. ಸಾರ್ವಜನಿಕ ದಾರಿಗೆ ಅಡ್ಡಿ ಇದ್ದರೆ ತೆಗೆಸುವುದಕ್ಕೂ, ದಾರಿ ಪಕ್ಕ ಅಗೆದ ಗುಂಡಿಗೆ ಬೇಲಿ ಹಾಕಿಸುವುದಕ್ಕೂ ಅದರಲ್ಲಿ ನಿಮಗೆ ಅಧಿಕಾರ ಇದೆ. ಗುಂಡಿಯ ಮಾತು ಆ ಕಲಮಿನಲ್ಲೇ ಇದೆ. ಇದಕ್ಕೆ ಹೊಸ ಯೋಜನೆ, ಅನುದಾನ ಯಾವುದೂ ಬೇಡ. ನಿಮ್ಮ ಒಂದು ಆದೇಶ ಸಾಕು.

ನನ್ನ ಜೀಪ್ ರಿಪೇರಿ ಖರ್ಚು ನಾನು ಕೇಳುತ್ತಿಲ್ಲ, ಅದನ್ನು ಆಗಲೇ ಕಟ್ಟಿದ್ದೇನೆ. ಗುಂಡಿ ಮುಚ್ಚಿಸಿ ಅಂತ ಕೇಳುತ್ತಿದ್ದೇನೆ. ಮುಚ್ಚುವವರೆಗೆ ನಾಳೆಯೇ ಒಂದು ಬೇಲಿ ಹಾಕಿಸಿ. ದಾರಿ ಅಗೆದವರ ಕೈಯಿಂದಲೇ ಅದರ ಖರ್ಚು ವಸೂಲಿ ಮಾಡಿ. ಆ ಅಜ್ಜನ ಹಸುವಿಗೆ ಪರಿಹಾರ ಕೊಡಿಸಲು ಸಾಧ್ಯವಾ, ಅದನ್ನೂ ನೋಡಿ.

ಮುಂಗಾರು ಶುರುವಾದರೆ ಆ ಗುಂಡಿ ಮತ್ತೆ ತುಂಬುತ್ತದೆ, ಉಳಿದ ಅರ್ಧ ದಾರಿಯೂ ಕುಸಿಯುತ್ತದೆ. ಅದಕ್ಕೆ ಮೊದಲು ಗುಂಡಿ ಮುಚ್ಚಿಸಿ, ದಾರಿ ಅಳೆಸಿ, ಕಲ್ಲು ನೆಡಿಸಿ. ಸರ್ವೆಯರ್ ಹೋಗುವ ದಿನ ನನಗೆ ತಿಳಿಸಿದರೆ ನಕ್ಷೆ ಹಿಡಿದುಕೊಂಡು ಬಂದು ಜಾಗ ತೋರಿಸುತ್ತೇನೆ. ನನ್ನ ಫೋನ್ ನಂಬರು ಅರ್ಜಿಯಲ್ಲಿದೆ.

ಇಂತಿ,
ತುಮಕೂರಿನ ಒಬ್ಬ ನಾಗರಿಕಳು