ರಸ್ತೆ ಬಿರುಕು ಬಿಡುವ ವರ್ಷವನ್ನು ಮೊದಲೇ ಲೆಕ್ಕ ಹಾಕಿಸಿ

ಲೋಕೋಪಯೋಗಿ ಇಲಾಖೆಯ ಮಾನ್ಯ ಸಚಿವರಿಗೆ ನಮಸ್ಕಾರಗಳು.

ಡಾಂಬರು ರಸ್ತೆ ಯಾವ ವರ್ಷ ಬಿರುಕು ಬಿಡಲು ಶುರುಮಾಡುತ್ತದೆ ಎಂಬುದನ್ನು ಗುಂಡಿ ಬೀಳುವ ಬಹಳ ಮೊದಲೇ ಅಂದಾಜು ಮಾಡಬಹುದು. ಭಾರತೀಯ ರಸ್ತೆ ಕಾಂಗ್ರೆಸ್‌ನ ಡಾಂಬರು ರಸ್ತೆ ವಿನ್ಯಾಸದ ಮಾರ್ಗಸೂಚಿಯಾದ ಐಆರ್‌ಸಿ 37ರ ಪ್ರಕಾರ ಮೇಲ್ಮೈಯ ಶೇ 20ರಷ್ಟು ಬಿರುಕು ಬಿಟ್ಟರೆ ರಸ್ತೆಯ ಆಯಸ್ಸು ಮುಗಿದ ಹಾಗೆ. ರಸ್ತೆ ಹೇಗೆ ಸವೆಯುತ್ತದೆಂದು ಅಂದಾಜಿಸಲು ಹಲವು ದೇಶಗಳಲ್ಲಿ ಬಳಸುವ ಎಚ್‌ಡಿಎಂ-4 ಎಂಬ ಲೆಕ್ಕದ ಮಾದರಿ ಶೇ 0.5ಕ್ಕೇ ಬಿರುಕು ಆರಂಭವಾಯಿತು ಎಂದು ಹಿಡಿಯುತ್ತದೆ. ನಮಗೆ ಬೇಕಿರುವುದು ಆ ಶೇ 0.5ರ ವರ್ಷ. ಆಗ ಬಿರುಕಿಗೆ ಡಾಂಬರು ತುಂಬಿದರೆ ಸಾಕು.

ಲೆಕ್ಕದ ಬುಡ ಇರುವುದು ಆಕ್ಸಲ್ ತೂಕದಲ್ಲಿ, ಅಂದರೆ ಲಾರಿಯ ಒಂದೊಂದು ಚಕ್ರದ ಅಚ್ಚಿನ ಮೇಲೆ ಬೀಳುವ ಭಾರದಲ್ಲಿ. ವಿನ್ಯಾಸಕ್ಕೆ ಹಿಡಿಯುವುದು ಸುಮಾರು 8.16 ಟನ್ನಿನ ಆಕ್ಸಲ್. ತೂಕ ಎರಡು ಪಟ್ಟಾದರೆ ಹಾನಿ ಹೆಚ್ಚುಕಡಿಮೆ ಹದಿನಾರು ಪಟ್ಟು. ಸಂಡೂರು, ಹೊಸಪೇಟೆ ಕಡೆಯ ರಸ್ತೆಗಳನ್ನು ಅದಿರು ಲಾರಿಗಳು ಹೇಗೆ ಅರೆದವೆಂದು ರಾಜ್ಯಕ್ಕೇ ಗೊತ್ತು. ಲಾರಿ ಎಣಿಸಿದರೆ ಸಾಲದು, ತೂಗಲೇಬೇಕು.

ಆಮೇಲೆ ಆ ಭಾರಕ್ಕೆ ರಸ್ತೆ ಎಷ್ಟು ಬಾಗುತ್ತದೆ ಎಂಬುದು. ಹಿಂದಿನ ಆಕ್ಸಲ್ ಮೇಲೆ 8,170 ಕೆ.ಜಿ. ಭಾರವಿರುವ ಲಾರಿಯ ಜೋಡಿ ಚಕ್ರದ ನಡುವೆ ಬೆಂಕಲ್ಮನ್ ಬೀಮ್ ಎಂಬ, ಬಾಗನ್ನು ಅಳೆಯುವ ಉದ್ದನೆಯ ತೊಲೆಯ ತುದಿಯಿಟ್ಟು, ಲಾರಿ 2.7 ಮೀಟರ್, ಅಲ್ಲಿಂದ ಮತ್ತೆ 9 ಮೀಟರ್ ಮುಂದೆ ಸರಿದಾಗ ಡಯಲ್ ಓದಬೇಕು. ಓದಿದ್ದನ್ನು 35 ಡಿಗ್ರಿ ಉಷ್ಣಾಂಶಕ್ಕೆ ಹೊಂದಿಸಬೇಕು. ಇದನ್ನು ಮಳೆಗಾಲ ಮುಗಿದ ಕೂಡಲೇ, ಮಣ್ಣು ನೀರು ಕುಡಿದು ಮೆತ್ತಗಿರುವಾಗಲೇ ಮಾಡಿಸಿ. ಏಪ್ರಿಲ್‌ನಲ್ಲಿ ಅಳೆದರೆ ಎರೆಭೂಮಿಯ ರಸ್ತೆಯೂ ಗಟ್ಟಿಯಾಗಿಯೇ ಕಾಣುತ್ತದೆ.

ಕಾಮಗಾರಿ ಕೆಟ್ಟಿದ್ದರೆ ಮಾತ್ರ ಈ ಅಂದಾಜೆಲ್ಲ ತಲೆಕೆಳಗು. ಎಚ್‌ಡಿಎಂ-4ರಲ್ಲಿ ಸರಿಯಾದ ಮಿಶ್ರಣಕ್ಕೆ 1 ಅಂಕ, ಡಾಂಬರು ಸಾಲದೆ ಒಣಕಲಾಗಿರುವ ಮಿಶ್ರಣಕ್ಕೆ 0.5. ಜಲ್ಲಿ ತಳದ ಹೊಸ ರಸ್ತೆಯ ಸೂತ್ರದಲ್ಲಿ ಈ ಅಂಕವನ್ನು ಅದರಿಂದಲೇ ಗುಣಿಸುವುದರಿಂದ (0.5 × 0.5, ಅಂದರೆ ಕಾಲು ಭಾಗ), ಎಂಟನೇ ವರ್ಷಕ್ಕೆ ಬರಬೇಕಾದ ಬಿರುಕು ಎರಡನೇ ವರ್ಷಕ್ಕೇ ಬರುತ್ತದೆ! ರೋಲರ್ ತಡವಾದರೂ ಕೇಡೇ. ವಿಜಿ-30 ಎಂಬ ದರ್ಜೆಯ ಡಾಂಬರಿನ ಮಿಶ್ರಣ 90 ಡಿಗ್ರಿಗಿಂತ ಕೆಳಗಿಳಿಯುವುದರೊಳಗೆ ರೋಲಿಂಗ್ ಮುಗಿಯಬೇಕು. ಇಲ್ಲವಾದರೆ ಒಳಗೆ ಗಾಳಿಯ ಪೊಳ್ಳು ಉಳಿದು ಡಾಂಬರು ಬೇಗ ಪೆಡಸಾಗುತ್ತದೆ.

ಕಣ್ಣಿಗೂ ಒಂದು ಗುರುತು ಸಿಗುತ್ತದೆ. ಮಳೆ ನಿಂತು ರಸ್ತೆ ಒಣಗಿದ ಮೇಲೂ ಚಕ್ರದ ಜಾಡಿನಲ್ಲಿ ಕೂದಲೆಳೆಯಂಥ ಒದ್ದೆ ಗೆರೆ ಉಳಿದಿದ್ದರೆ ಅದೇ ಬಿರುಕು. ಗೆರೆಯ ಅಕ್ಕಪಕ್ಕ ನುಣ್ಣನೆಯ ಕೆಸರು ಕಂಡರೆ ನೀರು ತಳಕ್ಕೆ ಇಳಿದಿದೆ, ಬರೀ ಡಾಂಬರು ತುಂಬಿದರೆ ಆಗದು. ಎರೆಭೂಮಿಯಲ್ಲಿ ಬೇಸಿಗೆಗೆ ಮಣ್ಣು ಕುಗ್ಗಿ ಅಂಚಿನುದ್ದಕ್ಕೂ ಬರುವ ಬಿರುಕೇ ಬೇರೆ. ಅದನ್ನು ಲಾರಿಗಳ ಲೆಕ್ಕಕ್ಕೆ ಸೇರಿಸಬಾರದು.

ಈ ಮಳೆಗಾಲ ಮುಗಿದೊಡನೆ ಪ್ರತಿ ವಿಭಾಗದಲ್ಲಿ ಲಾರಿ ಸಂಚಾರ ಹೆಚ್ಚಿರುವ ಒಂದು ರಸ್ತೆಯನ್ನಾದರೂ ಹೀಗೆ ಅಳೆಸಿ, ಆಕ್ಸಲ್ ತೂಕ ಮತ್ತು ಬಾಗಿದ ಅಳತೆಯನ್ನು ಕಿಲೋಮೀಟರ್‌ವಾರು ಪ್ರಕಟಿಸಬೇಕೆಂದೂ ಬಿರುಕು ತುಂಬುವ ಕೆಲಸಕ್ಕೆ ಗುಂಡಿ ಮುಚ್ಚುವ ಬಾಬ್ತಿನಿಂದ ಬೇರೆಯಾಗಿ ಹಣ ಇಡಬೇಕೆಂದೂ ಕೋರುತ್ತೇವೆ.

ಇಂತಿ,
ರಸ್ತೆ ಕಾಮಗಾರಿ ಬಲ್ಲ ನಾಗರಿಕರು